ಹೆಲ್ತ್ ಎಂದು ಬರೆದಿದ್ದ ಪೈಪು

ಜೂನ್ 2, 2025, ಸೋಮವಾರ

ಮೊದಲೇ ತಪ್ಪಾಯಿತು ಎಂದು ಬರೆದುಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಒತ್ತು ಎಲ್ಲಿ, ದೀರ್ಘ ಎಲ್ಲಿ ಎಂದು ಈಗಲೂ ಅನುಮಾನ. ಓದಿದ್ದು ಐದನೇ ಕ್ಲಾಸು, ಅದೂ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಇದನ್ನು ಯಾರೂ ಓದುವುದಿಲ್ಲ, ಹಾಗಾಗಿ ಕ್ಷಮೆ ಯಾರನ್ನು ಕೇಳುತ್ತಿದ್ದೇನೋ ಗೊತ್ತಿಲ್ಲ. ಕಾಗದವನ್ನೇ ಕೇಳಿದೆ ಎಂದುಕೊಳ್ಳುತ್ತೇನೆ.

ಬಾಯಲ್ಲಿ ಹೇಳಲಾಗದ್ದು ಇದೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಈ ಮನೆಗೆ ಇಲ್ಲಟಂ ಬಂದವನು, ಅಂದರೆ ಮನೆಅಳಿಯ. ಶ್ರೀನಿವಾಸಪುರದ ಕಡೆಯಿಂದ ಮದುವೆಯಾಗಿ ಕ್ಯಾಲನೂರಿಗೆ ಬಂದೆ. ಅತ್ತೆ ಇಲ್ಲ. ನನ್ನ ಹೆಂಡತಿ ವಾಣಿಶ್ರೀ ಮೊಬೈಲ್ ಜೋಡಿಸುವ ಕಂಪನಿಗೆ ಹೋಗುತ್ತಾಳೆ. ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸು. ಹಗಲಿಡೀ ಮನೆಯಲ್ಲಿ ನಾನು, ಮಾವ, ಹಸುಗಳು. ಮಾವ ಮುನಿಯಲ್ಲಪ್ಪನವರು ನನ್ನನ್ನು ‘ಅಳಿಯಂದ್ರೆ, ಬನ್ನಿ, ಕೂತ್ಕೊಳ್ಳಿ’ ಎಂದೇ ಮಾತನಾಡಿಸುವುದು. ನಾನು ತಲೆ ತಗ್ಗಿಸಿ ‘ಹೂಂ ಮಾವ’ ಎನ್ನುವುದು. ಅಲ್ಲಿಗೆ ನಮ್ಮ ಮಾತು ಮುಗಿಯುತ್ತದೆ.

ಹೋದ ತಿಂಗಳು ಮಾವ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಕೋಲಾರದಲ್ಲಿ ಆಪರೇಷನ್ ಆಯಿತು. ಈಗ ಹೊಲಿಗೆ ಬಿಚ್ಚಿದ್ದಾರೆ, ಗಾಯ ಒಣಗಿದೆ, ನೀರು ಹಾಕಬಹುದು ಎಂದಿದ್ದಾರೆ. ವಾಕರ್ ಹಿಡಿದು ಬಚ್ಚಲುಮನೆಯ ತನಕ ಹೋಗಿ ಕುರ್ಚಿಯಲ್ಲಿ ಕೂರಬಲ್ಲರು. ಆದರೆ ಬಗ್ಗಬಾರದು. ಬಗ್ಗದೆ ಬಕೆಟ್ಟಿನಿಂದ ನೀರು ಮೊಗೆದುಕೊಳ್ಳುವುದು ಹೇಗೆ?

ಇವತ್ತು ನಾನೇ ನೀರು ಹಾಕೋಣವೆಂದು ಬಿಸಿನೀರು ಬೆರೆಸಿ, ಕುರ್ಚಿ ಇಟ್ಟು, ಪಂಚೆಯಲ್ಲೇ ಕೂರಿಸಿದೆ. ಚೊಂಬು ಎತ್ತಿದೆ. ಮಾವ ನನ್ನ ಮಣಿಕಟ್ಟು ಹಿಡಿದುಕೊಂಡರು.

‘ಬೇಡಿ ಅಳಿಯಂದ್ರೆ.’

‘ಯಾಕೆ ಮಾವ, ಬಿಸಿ ಜಾಸ್ತಿಯಾ?’

‘ಧಾರೆ ದಿನ ನಿಮ್ಮ ಕಾಲು ತೊಳ್ದು ಆ ನೀರ್ನ ತಲೆ ಮೇಲೆ ಹಾಕ್ಕೊಂಡೋನು ನಾನು. ಈಗ ನೀವು ನನ್ ಮೈ ತೊಳೀಬೇಕಾ? ನನ್ ಕೈಲಿ ನೋಡಕ್ಕಾಗಲ್ಲ. ಹೋಗಿ.’

ಚೊಂಬು ಕೆಳಗಿಟ್ಟು ಹೊರಗೆ ಬಂದೆ. ಅವರು ಒದ್ದೆ ಬಟ್ಟೆಯಲ್ಲಿ ಕತ್ತು ಒರೆಸಿಕೊಂಡು ಬಂದರು, ಅಷ್ಟೇ. ಇದರಲ್ಲಿ ಇನ್ನೊಂದು ಕಷ್ಟವಿದೆ. ಮೈಗೆ ನೀರು ಬೀಳದೆ ಮಾವ ಅನ್ನ ಮುದ್ದೆ ಮುಟ್ಟುವವರಲ್ಲ. ಆಸ್ಪತ್ರೆಯಲ್ಲಿ ಅದು ನಮ್ಮ ಮನೆಯಲ್ಲ ಎಂದು ಹೇಗೋ ತಿಂದರು. ಇಲ್ಲಿ ಬರೀ ಕಾಫಿ, ಬನ್ನು. ಅದು ಊಟವಲ್ಲವಂತೆ, ಅದಕ್ಕೆ ಮೈಲಿಗೆಯಿಲ್ಲವಂತೆ.

ಜೂನ್ 4, ಬುಧವಾರ

ಮಾವನ ಭುಜದ ಮೂಳೆ ಬನಿಯನ್ನಿನಿಂದ ಆಚೆ ಎದ್ದು ಕಾಣುತ್ತಿದೆ. ಜಗಲಿಗೂ ಬರುತ್ತಿಲ್ಲ. ‘ವಾಸ್ನೆ ಬರ್ತಾ ಇದೀನಿ, ಯಾರ್ ಪಕ್ಕ ಕೂತ್ಕೊಳ್ಲಿ’ ಎಂದು ಗೋಡೆಯ ಕಡೆ ತಿರುಗಿ ಹೇಳಿದರು.

ವಾಣಿ ರಜೆ ಹಾಕಿ ತಾನೇ ನೀರು ಹಾಕುತ್ತೇನೆ ಎಂದಳು. ‘ಬೆಳ್ದ ಮಗಳ ಮುಂದೆ ಬಟ್ಟೆ ಬಿಚ್ಚೋ ಹಂಗಾದ್ರೆ ಆ ಡಾಕ್ಟ್ರು ನನ್ನ ಯಾಕಮ್ಮ ಉಳ್ಸಿದ್ರು’ ಎಂದರು. ಅವಳು ಅಡುಗೆಮನೆಗೆ ಹೋಗಿ ಅತ್ತಳು. ಆಮೇಲೆ ಫೋನಿನಲ್ಲಿ ಏನೋ ನೋಡಿ ಹೇಳಿದಳು.

‘ರೀ, ಕೈಲಿ ಹಿಡ್ಕೊಳ್ಳೋ ಶವರ್ ಅಂತ ಬರುತ್ತೆ. ಪೈಪ್ ಇರುತ್ತೆ. ಅಪ್ಪ ಕೂತ್ಕೊಂಡೇ, ಬಾಗಿಲು ಮುಂದಕ್ಕೆ ಎಳ್ಕೊಂಡು ತಾವೇ ನೀರು ಹಾಕ್ಕೋಬೋದು. ಕೋಲಾರಕ್ಕೆ ಹೋಗಿ ತಗೊಂಬನ್ನಿ. ವಿಚಾರಿಸಿ ತಗೊಳ್ಳಿ, ಆಯ್ತಾ? ಹಸು ಹತ್ರ ಮಾತ್ರ ನಿಮ್ಗೆ ಬಾಯಿ ಬರೋದು.’

ಏನು ವಿಚಾರಿಸಬೇಕು ಎಂದು ನಾನು ಅವಳನ್ನು ಕೇಳಲಿಲ್ಲ.

ಜೂನ್ 6, ಶುಕ್ರವಾರ

ಕೋಲಾರಕ್ಕೆ ಹೋಗಿ ಬಂದೆ. ನಲ್ಲಿ, ಪೈಪು ಮಾರುವ ದೊಡ್ಡ ಅಂಗಡಿ. ಮುಂದೆ ಮನೆ ಕಟ್ಟಿಸುವವರ ಗುಂಪು, ಒಬ್ಬರು ಹೆಂಗಸರು ಟೈಲ್ಸಿನ ಬಣ್ಣ ನೋಡುತ್ತಿದ್ದರು. ನಮ್ಮ ಮಾವನಿಗೆ ಸ್ನಾನಕ್ಕೆ ಎಂದು ಅಷ್ಟು ಜನರ ಮಧ್ಯೆ ಹೇಳಲು ನಾಲಿಗೆ ಏಳಲಿಲ್ಲ. ಮಾವನ ಬೆತ್ತಲೆ ಮೈಯನ್ನು ಅಂಗಡಿಯ ಮುಂದೆ ತಂದು ನಿಲ್ಲಿಸಿದ ಹಾಗೆ ಅನ್ನಿಸಿತು.

‘ಕೈಯಲ್ಲಿ ಹಿಡಿಯೋ ಶವರ್ ಕೊಡಿ, ಪೈಪ್ ಇರೋದು’ ಎಂದೆ.

‘ಬಾತ್ರೂಮಿಗೆ ತಾನೆ?’ ಎಂದರು ಅಂಗಡಿಯವರು.

‘ಹೂಂ.’

ಒಂದು ಪಾಕೀಟು ತಂದು ಮುಂದಿಟ್ಟರು. ಇಂಗ್ಲಿಷಿನಲ್ಲಿ ಬರೆದಿತ್ತು. ನನಗೆ ಇಂಗ್ಲಿಷ್ ಅಕ್ಷರ ಗೊತ್ತು, ಕೂಡಿಸಿ ಓದಲು ಹೊತ್ತು ಹಿಡಿಯುತ್ತದೆ. ಮೊದಲನೆಯ ಪದ ಮಾತ್ರ ಗುರುತು ಸಿಕ್ಕಿತು. ನಮ್ಮೂರಿನ ಹೆಲ್ತ್ ಸೆಂಟರಿನ ಬೋರ್ಡಿನಲ್ಲಿದ್ದ ಅಕ್ಷರಗಳೇ ಅವು, ಹೆಲ್ತ್. ಎರಡನೆಯದು ಫಾಕೆಟ್ಟೋ ಪಾಕೆಟ್ಟೋ ತಿಳಿಯಲಿಲ್ಲ. ಹೆಲ್ತ್ ಎಂದಿದೆಯಲ್ಲ, ಹುಷಾರಿಲ್ಲದವರಿಗೆ ಎಂದೇ ಮಾಡಿದ್ದಾರೆ ಎಂದುಕೊಂಡೆ. ಬಾಯಿಬಿಟ್ಟು ಹೇಳದಿದ್ದರೂ ದೇವರೇ ಸರಿಯಾದದ್ದನ್ನು ಕೊಡಿಸಿದ ಎಂದು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ.

ವಾಣಿಗೆ ಪಾಕೀಟನ್ನು ಚೀಲದಲ್ಲೇ ತೋರಿಸಿ, ‘ಪೇಷಂಟ್‌ಗಳಿಗೆ ಅಂತಾನೇ ಇರೋದು’ ಎಂದೆ. ಅವಳು ನಿದ್ದೆಗಣ್ಣಿನಲ್ಲಿ ‘ಹೌದಾ, ಒಳ್ಳೇದಾಯ್ತು’ ಎಂದಳು.

ಜೂನ್ 7, ಶನಿವಾರ

ಇವತ್ತು ಮಾವ ಊಟ ಮಾಡಿದರು. ಮೊದಲು ಅದನ್ನು ಬರೆಯಬೇಕು.

ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದು, ಬಿಸಿನೀರು ತಣ್ಣೀರು ಎರಡೂ ಸೇರಿ ಬರುವ ನಲ್ಲಿಗೆ ಪೈಪು ತಿರುಗಿಸಿದೆ. ಸರಿಯಾಗಿ ಕೂತಿತು. ನನ್ನ ತೋಳಿಗೆ ಬಿಟ್ಟುಕೊಂಡು ಬಿಸಿ ನೋಡಿದೆ. ಮಾವನನ್ನು ಕೂರಿಸಿ ಪೈಪನ್ನು ಕೈಗೆ ಕೊಟ್ಟು, ‘ಇಲ್ಲಿ ಅದುಮಿದ್ರೆ ನೀರು, ಬಿಟ್ರೆ ನಿಲ್ಲುತ್ತೆ’ ಎಂದು ಹೇಳಿ ಬಾಗಿಲು ಎಳೆದುಕೊಂಡು ಹೊರಗೆ ನಿಂತೆ.

ಆಮೇಲೆ ಸರ್ ಎಂದು ಒಂದು ಸದ್ದು. ‘ಅಬ್ಬಾ!’ ಎಂದರು.

‘ಏನಾಯ್ತು ಮಾವ?’

‘ಏನಿಲ್ಲ ಅಳಿಯಂದ್ರೆ, ಮುಳ್ಳು ಚುಚ್ಚಿದಂಗೆ ಬರ್ತದೆ. ಪರ್ವಾಗಿಲ್ಲ, ನೀರು ತಾನೆ.’

ಅದುಮಿ ಅದುಮಿ ಬೆರಳು ನೋವು ಬಂತಂತೆ, ನಡುನಡುವೆ ನಿಲ್ಲಿಸಿ ಕೈ ಬದಲಾಯಿಸುತ್ತಿದ್ದರು. ಆದರೂ ತಲೆಗೂ ಹಾಕಿಕೊಂಡರು. ಒಳಗಿನಿಂದ ಗೋವಿಂದ ಗೋವಿಂದ ಎನ್ನುವುದು ಕೇಳಿಸಿತು. ಹೊರಗೆ ಬಂದು ನಾಮ ಹಾಕಿಕೊಂಡು, ವಾಕರ್ ಹಿಡಿದೇ ದೇವರ ಮುಂದೆ ದೀಪ ಹಚ್ಚಿದರು. ಬಿಸಿ ಮುದ್ದೆ, ಅವರೆಬೇಳೆ ಸಾರು. ಎರಡನೇ ಸಲ ಸಾರು ಹಾಕಿಸಿಕೊಂಡರು. ನಮ್ಮಣ್ಣ ಕಳಿಸಿದ್ದ ಮಾವಿನಹಣ್ಣನ್ನೂ ತಿಂದು, ‘ನಿಮ್ಮೂರಿನ ಹಣ್ಣಿಗೆ ಎದುರಿಲ್ಲ ಬಿಡಿ’ ಎಂದರು.

ಸಂಜೆ ವಾಣಿ ಬಚ್ಚಲುಮನೆಗೆ ಹೋದವಳು ತುಂಬ ಹೊತ್ತು ಬರಲಿಲ್ಲ. ಬಂದು ನನ್ನ ಮುಖ ನೋಡಿದಳು. ‘ಅಪ್ಪ ಊಟ ಮಾಡಿದ್ರಾ?’ ಎಂದಳು. ಹೂಂ ಎಂದೆ. ‘ಸರಿ ಬಿಡಿ’ ಎಂದಳು. ಖುಷಿಗೆ ಮಾತು ಹೊರಡಲಿಲ್ಲವೇನೋ.

ಜೂನ್ 9, ಸೋಮವಾರ

ಬರೆಯಲು ಕೈ ಬರುತ್ತಿಲ್ಲ.

ಶ್ರೀಧರ್ ಬಂದಿದ್ದ. ಮಾವನ ತಮ್ಮನ ಮಗ, ಪಕ್ಕದ ಮನೆ. ಟ್ರ್ಯಾಕ್ಟರ್ ಗ್ರೀಸ್ ಆಗಿದೆ ಎಂದು ಕೈ ತೊಳೆಯಲು ಬಚ್ಚಲುಮನೆಗೆ ಹೋದ. ಹೋದವನು ಒಳಗಿನಿಂದಲೇ ಕೂಗಿದ.

‘ಬಾವಾ! ಏ ಬಾವಾ! ಏನಿದು?’

‘ಶವರ್. ಮಾವನಿಗೆ.’

ಅವನು ಪೈಪನ್ನು ಕೈಯಲ್ಲಿ ಹಿಡಿದುಕೊಂಡೇ ಹೊಸ್ತಿಲಿಗೆ ಬಂದು ನಗಲು ಶುರುಮಾಡಿದ. ನಗು ನಿಲ್ಲಿಸಲು ಗೋಡೆ ಹಿಡಿದುಕೊಂಡ.

‘ಇದು ಶವರ್ ಅಲ್ಲ ಕಣ್ ಬಾವ! ಹೆಲ್ತ್ ಪಾಸೆಟ್ಟು! ಕಕ್ಕಸಲ್ಲಿ ಕೂತ್ಕೊಂಡು ಹಿಂದ್ಗಡೆ ತೊಳ್ಕೊಳ್ಳೋದು! ಮುಳಬಾಗಿಲಲ್ಲಿ ನಮ್ಮತ್ತೆ ಮನೇಲಿ ಹೋಗಿ ನೋಡು, ಕಮೋಡ್ ಪಕ್ಕ ನೇತಾಕವ್ರೆ. ಇದ್ರಲ್ಲಿ ದೊಡ್ಡಪ್ಪನಿಗೆ ತಲೆಗೆ ನೀರು ಹಾಕ್ಸಿದ್ಯಾ? ಅಯ್ಯೋ ರಾಮಾ!’

ಮಾವ ಒಳಗಿನ ಮಂಚದ ಮೇಲಿದ್ದರು. ಬಾಗಿಲು ತೆರೆದಿತ್ತು. ಅವರು ಹಣೆಯ ನಾಮವನ್ನು ಕೈಯಿಂದ ಒರೆಸಿಕೊಂಡದ್ದನ್ನು ನೋಡಿದೆ. ಬೈದಿದ್ದರೆ ಚೆನ್ನಾಗಿತ್ತು.

ಬಾತ್ರೂಮಿಗೆ ತಾನೆ ಎಂದು ಅಂಗಡಿಯವರು ಕೇಳಿದ್ದರು. ಬಾತ್ರೂಮಿಗೆ ಹೋಗಿ ಬರುತ್ತೇನೆ ಎಂದು ಜನ ಯಾವುದಕ್ಕೆ ಹೇಳುತ್ತಾರೆ ಎಂದು ನನಗೇನು ಗೊತ್ತಿಲ್ಲವೇ?

ವಾಣಿಗೆ ಹೇಳಿದೆ. ಅವಳು ತಲೆ ತಗ್ಗಿಸಿದಳು. ‘ಶನಿವಾರ ಸಂಜೇನೇ ನೋಡ್ದೆ ರೀ. ಕಂಪನೀಲಿ ಎಲ್ಲಾ ಟಾಯ್ಲೆಟ್ಟಲ್ಲೂ ಅದೇ ಇರೋದು. ಅಪ್ಪ ಊಟ ಮಾಡಿದ್ರಲ್ಲ, ಅದಕ್ಕೇ ಬಾಯಿ ಬಿಡ್ಲಿಲ್ಲ. ಹೊಸಾದು ತಾನೆ, ಎಲ್ಲಿ ಹಾಕ್ತೀವೋ ಅಲ್ಲಿದು ಅದು.’

ಅಂದರೆ ಅವಳಿಗೂ ಗೊತ್ತಿತ್ತು. ಪೇಷಂಟ್‌ಗಳಿಗೆ ಎಂದು ಎದೆ ಉಬ್ಬಿಸಿ ಹೇಳಿದ್ದು ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಜೂನ್ 10, ಮಂಗಳವಾರ

ಪೈಪು ಬಿಚ್ಚಿ ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿದೆ. ಮಾವ ಕಾಫಿ ಕುಡಿದರು, ಬನ್ನು ಬೇಡವೆಂದರು.

ಜೂನ್ 12, ಗುರುವಾರ

ಡೇರಿಗೆಲ್ಲಾ ಗೊತ್ತಾಗಿದೆ. ಹಾಲಿನ ಕ್ಯಾನು ಇಡುವಾಗ ಯಾರೋ ಹಿಂದಿನಿಂದ, ‘ನರೇಶಾ, ಹಾಲು ಯಾವ ಪೈಪಲ್ಲಿ ಕರೆದ್ಯಪ್ಪಾ?’ ಎಂದರು. ಸಾಲಿಡೀ ನಕ್ಕಿತು. ಅಂಜಮ್ಮ ಎನ್ನುವ ಮುದುಕಿ ಮಾತ್ರ, ‘ನಗ್ರೋ ನಗ್ರಿ, ನಿಮ್ಗೂ ವಯಸ್ಸಾಗ್ತದೆ’ ಎಂದಳು. ಅದು ನನ್ನ ಪರವಾಗಿ ಆಡಿದ ಮಾತು. ಆದರೂ ಅದರಿಂದಲೇ ಹೆಚ್ಚು ನಾಚಿಕೆಯಾಯಿತು.

ಅವತ್ತು ಆ ಪೈಪಿನ ಸ್ನಾನ ಮಾಡಿ ಹಚ್ಚಿದ್ದ ದೇವರ ಮನೆಯ ದೀಪವನ್ನು ಮಾವ ತೊಳೆಸಿದರು. ವಾಣಿಯ ಕೈಯಲ್ಲಿ, ಹುಣಸೆಹಣ್ಣು ಹಾಕಿ. ನನ್ನ ಮುಂದೆ ಹೇಳಲಿಲ್ಲ, ಆದರೆ ನಾನು ಹುಲ್ಲು ತರುವಾಗ ನೋಡಿದೆ.

ನಮ್ಮೂರಿಗೆ ಹೋಗಿಬಿಡೋಣ ಎನ್ನಿಸುತ್ತದೆ. ಮಾವಿನ ಮಂಡಿಗಳಲ್ಲಿ ಈಗ ಕೆಲಸ ಸಿಗುತ್ತದೆ, ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಬಟ್ಟೆ ಚೀಲಕ್ಕೆ ಹಾಕಿದೆ. ಹಸುವಿಗೆ ನೀರು ಇಡುವ ಹೊತ್ತಾಯಿತು, ಇಟ್ಟು ಬರೋಣವೆಂದು ಹೋದೆ. ಬಂದು ಬಟ್ಟೆ ತೆಗೆದು ಮತ್ತೆ ಗೂಟಕ್ಕೆ ಹಾಕಿದೆ. ಹೋಗುವುದಕ್ಕೂ ಧೈರ್ಯ ಬೇಕು.

ಜೂನ್ 14, ಶನಿವಾರ

ಏನೇನೋ ಆಯಿತು. ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ನಾನು ಡೇರಿಗೆ ಹೋಗಿದ್ದಾಗ ಮಾವ ಒಬ್ಬರೇ ಬಚ್ಚಲುಮನೆಗೆ ಹೋಗಿದ್ದಾರೆ. ಶನಿವಾರ ತಿರುಪತಿ ವೆಂಕಟರಮಣನ ದಿನ, ಹೇಗಾದರೂ ತಲೆಗೆ ನೀರು ಹಾಕಿಕೊಳ್ಳಬೇಕು ಎಂದು ಹಟ. ಬಕೆಟ್ಟಿಗೆ ನೀರು ಬಿಟ್ಟುಕೊಂಡು ಕುರ್ಚಿಯಿಂದ ಬಗ್ಗಿದ್ದಾರೆ. ನಾನು ಬಂದಾಗ ಒಳಗೆ ನಲ್ಲಿ ಹರಿಯುವ ಸದ್ದು. ಮಾವ ಎಂದೆ. ಮತ್ತೊಮ್ಮೆ ಕರೆದು ಬಾಗಿಲು ತಳ್ಳಿದೆ.

ಕುರ್ಚಿ ಒಂದು ಕಡೆ, ಮಾವ ಒಂದು ಕಡೆ. ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಪಂಚೆ ಬಿಚ್ಚಿ ನೀರಿನಲ್ಲಿ ತೇಲುತ್ತಿತ್ತು. ನನಗೆ ಕಣ್ಣು ಎಲ್ಲಿಡಬೇಕೋ ತಿಳಿಯಲಿಲ್ಲ. ಮೇಲೆ ತಾರಸಿ ನೋಡುತ್ತಾ ನಿಂತೆ.

‘ಏಮಿರಾ ಅಟ್ಲ ನಿಲಬಡಿ ಚೂಸ್ತಾವು? ಲೇಪರಾ!’

ಮಾವ ತೆಲುಗಿನಲ್ಲಿ ಕೂಗಿದರು. ಏನೋ ಹಾಗೆ ನೋಡ್ತಾ ನಿಂತಿದ್ದೀಯ, ಎತ್ತೋ ಎಂದು. ಈ ಮನೆಗೆ ಬಂದಾಗಿನಿಂದ ನನ್ನೊಂದಿಗೆ ಕನ್ನಡ ಬಿಟ್ಟು ಬೇರೆ ಆಡಿದವರಲ್ಲ, ನೀವು ಬಿಟ್ಟು ಬೇರೆ ಕರೆದವರಲ್ಲ. ಅಳಿಯನನ್ನು ಯಾರಾದರೂ ‘ರಾ’ ಎನ್ನುತ್ತಾರೆಯೇ? ಅಷ್ಟು ಸಿಟ್ಟು ಬಂದಿರಬೇಕು. ಬರಬೇಕಾದದ್ದೇ.

ನನ್ನ ಟವೆಲ್ ಅವರ ಸೊಂಟಕ್ಕೆ ಸುತ್ತಿ, ಕಂಕುಳಿಗೆ ಕೈ ಕೊಟ್ಟು ಎತ್ತಿದೆ. ಮೊಣಕೈ ತರಚಿತ್ತು, ಬೇರೆ ಏನೂ ಆಗಿರಲಿಲ್ಲ. ಕಾಲು ಆಡಿಸಿ ನೋಡಿದರು. ಕುರ್ಚಿಯಲ್ಲಿ ಕೂತು ನಡುಗುತ್ತಿದ್ದರು. ಎಷ್ಟು ಹಗುರವಾಗಿದ್ದಾರೆ.

‘ಆಗಿದ್ದಾಯ್ತು. ಬಕೆಟ್ಟಲ್ಲಿರೋ ನೀರು ಹಾಕ್ಬುಡು’ ಎಂದರು.

ಚೊಂಬು ಮೊಗೆದೆ. ಅವರನ್ನು ನೋಡಬಾರದೆಂದು ಮುಖ ಆ ಕಡೆ ತಿರುಗಿಸಿ ಹಾಕಿದೆ.

‘ಲೇ, ಗೋಡೆಗ್ಯಾಕ್ಲಾ ಹಾಕ್ತಿದೀಯಾ? ಗೋಡೆಗೇನು ಮೈಲಿಗೆನಾ? ಈ ಕಡೆ ನೋಡಿ ಹಾಕ್ಲಾ!’

ಹಾಕಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಮುಗಿಯುವ ತನಕ ತೆರೆಯಲಿಲ್ಲ. ಮೈ ಒರೆಸಿಕೊಂಡು ಒಳಗೆ ಬಂದ ಮೇಲೆ, ‘ಇವತ್ತೊಂದಿನ ಸರಿ. ದಿನಾ ಇನ್ನೊಬ್ಬನ ಕೈಲಿ ನೀರು ಹಾಕಿಸ್ಕೊಂಡ್ರೆ ನಾನು ಹೆಣಾನೇ. ನನ್ ಕೈಲಿ ನಾನು ಹಾಕ್ಕೋಬೇಕು ಕಣೋ. ಅದಕ್ಕೇನಾದ್ರೂ ದಾರಿ ನೋಡು’ ಎಂದರು.

ಊಟ ಮಾಡಿದರು. ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ.

ಜೂನ್ 16, ಸೋಮವಾರ

ಮತ್ತೆ ನೀರಿಲ್ಲ, ಬರೀ ಕಾಫಿ, ಬನ್ನು. ಮಾವ ಇನ್ನೂ ಸಿಟ್ಟಿನಲ್ಲೇ ಇದ್ದಾರೆ. ‘ಲೇ ನರೇಶ, ಕಾಫಿಗೆ ಸಕ್ಕರೆ ಹಾಕಿದ್ಯೋ ಉಪ್ಪು ಹಾಕಿದ್ಯೋ’, ‘ಲೇ, ಆ ಹಸು ಯಾಕೋ ಕೂಗ್ತದೆ ನೋಡೋಗು’. ದಿನವಿಡೀ ಇದೇ. ನಾನು ಕೆಲಸಕ್ಕೆ ಬಾರದವನು ಎಂದು ತೀರ್ಮಾನ ಮಾಡಿದ್ದಾರೆ. ನಿನ್ನೆ ಒಂದು ಸಲ ತಾಳಲಾರದೆ ‘ನೀವೇ ಕುಡಿದು ನೋಡಿ ಹೇಳಿ ಮಾವ’ ಎಂದುಬಿಟ್ಟೆ. ಬಾಯಿ ಜಾರಿತು. ವಾಣಿ ನಕ್ಕಳು. ಏಕೆ ನಕ್ಕಳೋ.

ಇವತ್ತು ನನ್ನಿಂದ ಮನೆಯಲ್ಲಿ ಜಗಳವೂ ಆಯಿತು. ಶ್ರೀಧರ್ ಬಂದು ಜಗಲಿಯಲ್ಲಿ ಕೂತು, ‘ಏನ್ ದೊಡ್ಡಪ್ಪ, ಇವತ್ತು ಯಾವ ಪೈಪು?’ ಎಂದ. ಮಾವ ವಾಕರನ್ನು ನೆಲಕ್ಕೆ ಕುಟ್ಟಿದರು.

‘ನಾನು ಬಿದ್ದ್ ಮೇಲೆ ನೀನೊಂದು ಚೊಂಬು ನೀರು ತಂದುಕೊಟ್ಯೇನೋ? ಅವ್ನು ತಪ್ಪೋ ಸರೀನೋ ಬಸ್ಸತ್ತಿ ಹೋಗಿ ತಂದ. ನೀನು ಗ್ರೀಸ್ ಕೈ ತೊಳ್ಕೊಂಡು ಹೋದೆ. ಹೋಗ್ಲಾ ಆಚೆ!’

ಶ್ರೀಧರ್ ಮುಖ ಸಣ್ಣದು ಮಾಡಿಕೊಂಡು ಹೋದ. ಅಣ್ಣತಮ್ಮಂದಿರ ಮನೆಗಳ ನಡುವೆ ನಾನು ಬಂದು ಮನಸ್ತಾಪ ತಂದೆ. ಸಂಜೆ ಅವರ ಮನೆಗೆ ಹೋಗಿ ಒಂದು ಬುಟ್ಟಿ ಹಣ್ಣು ಕೊಟ್ಟು ಬಂದೆ. ಅವನು, ‘ತಮಾಷೆಗಂದೆ ಬಾವ’ ಎಂದ. ನಾನು, ‘ಗೊತ್ತು. ಕಮೋಡ್ ಪಕ್ಕ ಇರೋದನ್ನ ಬಿಟ್ಟು ಬೇರೆ ಯಾವುದಾದ್ರೂ ನೋಡಿದ್ಯಾ, ಸ್ನಾನದ್ದು?’ ಎಂದೆ. ಮಾಲೂರಿನಲ್ಲಿ ಒಂದು ಮನೆಯಲ್ಲಿ ನೋಡಿದ್ದನಂತೆ. ತಲೆ ಅಗಲವಿರುತ್ತದೆ, ನೀರು ಮೆತ್ತಗೆ ಬೀಳುತ್ತದೆ ಎಂದ. ಮನೆಗೆ ಬಂದು ನಲ್ಲಿಯಿಂದ ಕುರ್ಚಿಯ ತನಕ, ಕುರ್ಚಿಯಿಂದ ಮಾವನ ತಲೆಯ ತನಕ ಹಗ್ಗ ಹಿಡಿದು ಅಳತೆ ತೆಗೆದು ಗಂಟು ಹಾಕಿಟ್ಟುಕೊಂಡೆ.

ಜೂನ್ 19, ಗುರುವಾರ

ಮಾವನನ್ನು ಡಾಕ್ಟರಿಗೆ ತೋರಿಸುವ ದಿನ. ಆಟೋದಲ್ಲಿ ಕೋಲಾರಕ್ಕೆ ಹೋದೆವು. ತೋರಿಸಿ ಬರುವಾಗ ಮಾವ, ‘ಆ ಅಂಗಡಿ ಎಲ್ಲೈತೋ? ಅಲ್ಲಿಗೆ ಬಿಡ್ಸು’ ಎಂದರು. ಬೇರೆ ಅಂಗಡಿಗೆ ಹೋಗೋಣ ಎಂದೆ. ‘ಯಾಕೆ, ಅಲ್ಲಿ ನಿನ್ನ ಮಾನ ಅಡ ಇಟ್ಟಿದ್ಯಾ? ನಡಿ’ ಎಂದರು.

ಅವರು ಆಟೋದಲ್ಲೇ ಕೂತರು. ನಾನು ಮೆಟ್ಟಿಲು ಹತ್ತಿದೆ. ಅವತ್ತಿಗಿಂತ ಹೆಚ್ಚು ಜನ. ಅಂಗಡಿಯವರು ಏನು ಬೇಕು ಎಂದರು. ತಿರುಗಿ ನೋಡಿದೆ. ಮಾವ ಆಟೋದಿಂದ ಕತ್ತು ಚಾಚಿ ನನ್ನನ್ನೇ ನೋಡುತ್ತಿದ್ದರು.

ಹೇಳಿದೆ. ಹೇಳುವಾಗ ಸದ್ದು ಜಾಸ್ತಿಯಾಯಿತೋ ಏನೋ, ಎಲ್ಲರೂ ತಿರುಗಿದರು.

‘ನಮ್ಮ ಮಾವನಿಗೆ ವಯಸ್ಸಾಗಿದೆ. ಸೊಂಟ ಆಪರೇಷನ್ ಆಗಿದೆ. ಕುರ್ಚಿ ಮೇಲೆ ಕೂತು ಅವ್ರ ಕೈಯಲ್ಲಿ ಅವ್ರೇ ನೀರು ಹಾಕ್ಕೋಬೇಕು. ತಲೆಗೆ, ಮೈಗೆ. ಕಕ್ಕಸಿಂದು ಬೇಡ. ಅವತ್ತು ಅದನ್ನ ಕೊಟ್ಟಿದ್ರಿ.’

ಯಾರೋ ನಕ್ಕರು. ನನ್ನ ಮುಖ ಕಾದುಹೋಯಿತು. ಅಂಗಡಿಯವರು ನಗಲಿಲ್ಲ. ‘ಅವತ್ತೇ ಹಿಂಗೆ ಹೇಳ್ಬಾರ್ದಾ ತಮ್ಮಾ? ಹ್ಯಾಂಡ್ ಶವರ್ ಅಂತ ಕೇಳಿದ್ರೆ ಅರ್ಧ ಜನಕ್ಕೆ ಅದೇ ಬೇಕಾಗಿರುತ್ತೆ’ ಎಂದು ಒಳಗಿನಿಂದ ಕೆಲವನ್ನು ತಂದು ಹರಡಿದರು.

‘ಆಟೋಗೆ ತಗೊಂಡೋಗಿ ತೋರಿಸ್ಲಾ? ಹಿಡಿಯೋರು ಅವ್ರು’ ಎಂದೆ. ಕೊಟ್ಟರು.

ಮೊದಲು ಫಳಫಳ ಹೊಳೆಯುವುದನ್ನು ಕೊಟ್ಟೆ. ಮಾವ ಎತ್ತಿ ತಲೆಯ ಹತ್ತಿರ ಹಿಡಿದರು, ಮಣಿಕಟ್ಟು ನಡುಗಿ ಕೆಳಗಿಳಿಯಿತು. ‘ಇದೇನ್ಲಾ ಗದೆ ಇದ್ದಂಗೈತೆ. ನೀರು ತುಂಬಿದ್ರೆ ಇನ್ನೂ ಭಾರ. ತಗೊಂಡೋಗು.’ ಇನ್ನೊಂದು ಹಗುರ, ಆದರೆ ಹಿಡಿ ನುಣುಪು. ಕೈಗೆ ಸೋಪಿದ್ದರೆ ಜಾರುವುದಿಲ್ಲವೇ ಎಂದು ನನಗೆ ಅನುಮಾನ ಬಂತು. ಪಕ್ಕದ ಅಂಗಡಿಯಿಂದ ಸಣ್ಣ ಸೋಪು ತಂದು, ಬಾಟಲಿ ನೀರು ಹಾಕಿ ಮಾವನ ಅಂಗೈಗೆ ತಿಕ್ಕಿದೆ. ಹಿಡಿದರು. ಜಾರಿ ಆಟೋದವನ ಸೀಟಿನ ಹಿಂದೆ ಹೋಯಿತು.

‘ಅಣ್ಣಾ, ಸ್ನಾನ ಇಲ್ಲೇ ಮಾಡಿಸ್ಬುಡ್ತೀರಾ ಹೆಂಗೆ?’ ಎಂದ ಆಟೋದವನು.

‘ನೀನು ಆ ಕಡೆ ತಿರುಕ್ಕೋ, ನಾಚ್ಕೆಯಾಗ್ತದೆ’ ಎಂದರು ಮಾವ. ಮಾವ ತಮಾಷೆ ಮಾಡುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ.

ಕೊನೆಗೆ ಬಿಳಿ ಪ್ಲಾಸ್ಟಿಕ್ಕಿನದು ಒಂದು. ಹಿಡಿ ದಪ್ಪ, ಮೇಲೆ ಗೀರುಗೀರು. ತಲೆ ಅಗಲ. ಹೆಬ್ಬೆರಳು ಬರುವ ಕಡೆ ಒಂದು ಗುಂಡಿ, ಒಂದು ಕಡೆಗೆ ಸರಿಸಿದರೆ ನೀರು ಬರುತ್ತದೆ, ಇನ್ನೊಂದು ಕಡೆಗೆ ಸರಿಸಿದರೆ ನಿಲ್ಲುತ್ತದೆ. ಅದುಮಿಕೊಂಡೇ ಇರಬೇಕಾಗಿಲ್ಲ. ಮಾವ ಸೋಪಿನ ಕೈಯಲ್ಲೇ ಹಿಡಿದು, ಕಣ್ಣು ಮುಚ್ಚಿಕೊಂಡು ಗುಂಡಿ ಹುಡುಕಿದರು.

‘ಕಣ್ಣು ಯಾಕೆ ಮುಚ್ಚಿದ್ರಿ ಮಾವ?’

‘ತಲೆಗೆ ಸೋಪು ಹಾಕಿದ್ ಮೇಲೆ ಕಣ್ಣು ಬಿಟ್ಕೊಂಡಿರ್ತೀನೇನ್ಲಾ ಪೆದ್ದೆ?’

ಹೆಬ್ಬೆರಳಿಗೆ ಗುಂಡಿ ಸಿಕ್ಕಿತು. ಸರಿಸಿದರು. ಮತ್ತೆ ಸರಿಸಿದರು. ‘ಇದು’ ಎಂದರು.

ಅದರೊಂದಿಗೆ ಬಂದಿದ್ದ ಪೈಪು ನನ್ನ ಹಗ್ಗದ ಗಂಟಿಗಿಂತ ಗಿಡ್ಡ. ಉದ್ದದ್ದು ಬೇಕು ಎಂದು ಮತ್ತೆ ಮೆಟ್ಟಿಲು ಹತ್ತಿ ಬದಲಾಯಿಸಿದೆ. ಗೋಡೆಗೆ ಹೊಡೆಯುವ ಕೊಕ್ಕೆಯನ್ನೂ ಕೇಳಿ ಪಡೆದೆ. ಅಂಗಡಿಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು ಎಂದು ಈಗಲೂ ಅನ್ನಿ‌ಸುತ್ತದೆ. ಅಷ್ಟು ಜೋರಾಗಿ ಕಕ್ಕಸು ಎನ್ನಬಾರದಿತ್ತು.

ಜೂನ್ 21, ಶನಿವಾರ

ಕೂರಿಸಿದೆ. ಅದರಲ್ಲೂ ತಪ್ಪು ಮಾಡಿದೆ. ಕೊಕ್ಕೆಯನ್ನು ನನ್ನ ಎತ್ತರಕ್ಕೆ ಹೊಡೆದಿದ್ದೆ. ಒಳಗಿನಿಂದ ಕೂಗು ಬಂತು.

‘ಏನ್ಲಾ, ಇದನ್ನ ತಗೊಳ್ಳಕ್ಕೆ ಎದ್ದು ನಿಂತ್ಕೋಬೇಕಾ? ಮತ್ತೆ ಬೀಳ್ಲಾ?’

ಹೋಗಿ ಕೈಗೆ ಕೊಟ್ಟು ಬಂದೆ. ಮೊದಲು ಬರುವ ನೀರು ಸುಡುತ್ತದೆ, ಗೋಡೆಗೆ ಹಿಡಿಯಿರಿ, ಹದವಾದ ಮೇಲೆ ಮೈಗೆ ಬಿಟ್ಟುಕೊಳ್ಳಿ ಎಂದೆ. ‘ಗೋಡೆಗೆ ಹಾಕೋದು ನಿನ್ ಕೆಲ್ಸ ಅಲ್ವೇನ್ಲಾ’ ಎಂದು ನಕ್ಕರು. ಬಾಗಿಲು ಎಳೆದುಕೊಂಡೆ. ಈ ಸಲ ಸರ್ ಎನ್ನುವ ಸದ್ದಿಲ್ಲ. ಮೆತ್ತಗೆ ಬಿದ್ದು ಹರಿಯುವ ನೀರು. ನಿಂತಿತು, ಸೋಪಿನ ಸದ್ದು. ಮತ್ತೆ ಬಂತು. ಗೋವಿಂದ ಎಂದರು. ತುಂಬ ಹೊತ್ತು ಬರಲಿಲ್ಲ. ಹೊಸ್ತಿಲಲ್ಲಿ ಕೂತಿದ್ದ ನನಗೆ ಯಾಕೋ ಕಣ್ಣು ತುಂಬಿತು. ಗಂಡಸು ಹೀಗೆ ಬಚ್ಚಲುಮನೆಯ ಮುಂದೆ ಕೂತು ಅಳುವುದನ್ನು ಯಾರಾದರೂ ನೋಡಿದರೆ ಏನಂದುಕೊಂಡಾರು.

‘ಲೇ ನರೇಶಾ.’

‘ಮಾವ.’

‘ಬೆನ್ನಿಗೆ ಕೈ ಹೋಗಲ್ಲ ಕಣೋ. ಬಂದು ತಿಕ್ಕು.’

ಹೋದೆ. ಶವರ್ ಅವರ ಕೈಯಲ್ಲೇ ಇತ್ತು. ನನಗೆ ಬೆನ್ನು ಕೊಟ್ಟು ಕೂತಿದ್ದರು. ಮೈ ತಿಕ್ಕುವ ಕಲ್ಲು ತೆಗೆದುಕೊಂಡು ತಿಕ್ಕಿದೆ. ‘ಜೋರಾಗಿ. ಊಟ ಮಾಡಿಲ್ವಾ?’ ಎಂದರು. ನೀವು ಮಾಡದೆ ನಾನು ಹೇಗೆ ಮಾಡಲಿ ಎಂದೆ. ಅವರು ಭುಜದ ಮೇಲಿಂದ ಶವರ್ ತಿರುಗಿಸಿ, ತಾವೇ ಬೆನ್ನಿಗೆ ನೀರು ಬಿಟ್ಟುಕೊಂಡರು.

ಮುದ್ದೆ, ಹುರುಳಿ ಸಾರು. ಈ ಸಲ ದೀಪವನ್ನು ನನ್ನ ಕೈಯಲ್ಲಿ ಹಚ್ಚಿಸಿದರು. ಬಗ್ಗಬಾರದಲ್ಲ, ಅದಕ್ಕೆ.

ಜೂನ್ 23, ಸೋಮವಾರ

ಹೆಚ್ಚು ಬರೆಯಲು ಹೊತ್ತಿಲ್ಲ, ಹುಲ್ಲಿಗೆ ಹೋಗಬೇಕು. ನಿನ್ನೆ ಕೊಕ್ಕೆಯನ್ನು ಕಿತ್ತು, ಮಾವನನ್ನು ಕುರ್ಚಿಯಲ್ಲಿ ಕೂರಿಸಿ ಅವರ ಕೈ ಹೋಗುವ ಕಡೆಗೆ ಹೊಡೆದೆ. ಗೋಡೆಯಲ್ಲಿ ಹಳೆಯ ತೂತು ಕಾಣುತ್ತದೆ, ನಾಚಿಕೆಗೇಡು. ಸಿಮೆಂಟು ಮೆತ್ತಬೇಕು.

ಇವತ್ತು ಬೆಳಿಗ್ಗೆ ಮಾವ ನೀರು ಹಾಕಿಕೊಂಡು ಬಂದು ಜಗಲಿಯಲ್ಲಿ ಕೂತು, ದಾರಿಯಲ್ಲಿ ಹೋಗುವವರನ್ನೆಲ್ಲಾ ಕರೆದು ಮಾತನಾಡಿಸುತ್ತಿದ್ದರು. ಎಡಗಿವಿಯ ಹಿಂದೆ ಸೋಪಿನ ನೊರೆ ಉಳಿದಿತ್ತು. ಕಾಫಿ ಕೊಡಲು ಹೋದವನು ಟವೆಲ್ ತುದಿಯಿಂದ ಒರೆಸಿದೆ. ಮಾವ ಮಾತು ನಿಲ್ಲಿಸಲಿಲ್ಲ, ಇನ್ನೊಂದು ಕಿವಿಯನ್ನೂ ನನ್ನ ಕಡೆ ತಿರುಗಿಸಿದರು.